ಮೊದಲ ಬಾಗಿಲಿನ ಕಾವಲುಗಾರ

ಚಿತ್ರದುರ್ಗದ ಕೋಟೆಯನ್ನು ಒಮ್ಮೆ ಹತ್ತಿ ನೋಡಿದವರಿಗೆ ಅದರ ಬಾಗಿಲುಗಳ ನೆನಪು ಮಾಸುವುದಿಲ್ಲ. ಏಳು ಸುತ್ತಿನ ಆ ಕೋಟೆಯಲ್ಲಿ ಒಂದು ಬಾಗಿಲನ್ನು ದಾಟಿದ ಮಾತ್ರಕ್ಕೆ ಅರಮನೆ ಸಿಕ್ಕುವುದಿಲ್ಲ. ಹಾದಿಯು ಬಂಡೆಗಳ ನಡುವೆ ಬಳಸಿ ತಿರುಗಿ ಮತ್ತೊಂದು ಬಾಗಿಲಿನ ಮುಂದೆ ನಮ್ಮನ್ನು ನಿಲ್ಲಿಸುತ್ತದೆ. ಒಳಗೆ ನಾಯಕರೂ ದಳವಾಯಿಗಳೂ ಇದ್ದಿರಬಹುದು. ಆದರೆ ಹೊರಗಿನಿಂದ ಬಂದವನು ಮೊದಲು ಕಾಣುತ್ತಿದ್ದುದು ಅವರನ್ನಲ್ಲ, ಮೊದಲ ಬಾಗಿಲಿನ ಕಾವಲುಗಾರನನ್ನು. ಕಾವಲುಗಾರನ ಹುದ್ದೆ ಚಿಕ್ಕದು, ಹೊಣೆ ಚಿಕ್ಕದಲ್ಲ. ಒಂದು ಸಣ್ಣ ಕಿಂಡಿಯ ಕಾವಲು ತಪ್ಪಿದ ಗಳಿಗೆಯಲ್ಲಿ ಕೋಟೆಗೆ ಒದಗಿದ ಅಪಾಯವನ್ನೂ ಅದನ್ನು ತಡೆದ ಒನಕೆ ಓಬವ್ವನ ಸಾಹಸವನ್ನೂ ನೀವು ಬಲ್ಲಿರಿ.

ಗಣಕಯಂತ್ರವೂ ಇಂತಹುದೇ ಒಂದು ಕೋಟೆ. ಅದರ ಮೊದಲ ಬಾಗಿಲಿನಲ್ಲಿಯೂ ಒಬ್ಬ ಕಾವಲುಗಾರನಿದ್ದಾನೆ. ನಾವು ಕೀಲಿಮಣೆಯ ಮೇಲೆ ಬೆರಳಿಟ್ಟು ಹೇಳುವ ಮೊದಲ ಮಾತನ್ನು ಕೇಳಿಸಿಕೊಳ್ಳುವವನು ಅವನೇ. ಅವನಿಗೆ ನಮ್ಮ ಮಾತು ಕೇಳಿಸದಿದ್ದರೆ ಏನಾಗುತ್ತದೆ?

ಹೊಸದುರ್ಗದಲ್ಲಿಯೋ ಹೊಳಲ್ಕೆರೆಯಲ್ಲಿಯೋ ಇರುವ ಒಂದು ಶಾಲೆಯ ಗಣಕ ಕೊಠಡಿಯನ್ನು ಊಹಿಸಿಕೊಳ್ಳಿ. ಮಳೆಗಾಲದ ಒಂದು ಬೆಳಗ್ಗೆ ಮಕ್ಕಳು ಹಳೆಯ ಗಣಕವೊಂದರ ಗುಂಡಿಯನ್ನು ಒತ್ತುತ್ತಾರೆ. ಅದರೊಳಗಿನ ನಾಣ್ಯದಂತಹ ಪುಟ್ಟ ಬ್ಯಾಟರಿಯ ಶಕ್ತಿ ಮುಗಿದಿರುತ್ತದೆ. ಹಿಂದೆ ಮಾಡಿಟ್ಟ ಏರ್ಪಾಡುಗಳೆಲ್ಲ ಯಂತ್ರಕ್ಕೆ ಮರೆತುಹೋಗಿರುತ್ತವೆ. ಮುಂದುವರಿಯಬೇಕಾದರೆ ಎಫ್‌ 1 ಕೀಲಿಯನ್ನು ಒತ್ತಿರಿ ಎಂಬ ಸೂಚನೆ ತೆರೆಯ ಮೇಲೆ ಮೂಡುತ್ತದೆ. ಮಕ್ಕಳು ಒತ್ತುತ್ತಾರೆ. ಮತ್ತೆ ಒತ್ತುತ್ತಾರೆ. ಯಂತ್ರ ಕದಲುವುದಿಲ್ಲ. ಕೀಲಿಮಣೆ ಕೆಟ್ಟಿಲ್ಲ, ಅದನ್ನು ಪಕ್ಕದ ಗಣಕಕ್ಕೆ ಜೋಡಿಸಿದರೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಗಣಕವೂ ಕೆಟ್ಟಿಲ್ಲ. ಕೀಲಿಮಣೆ ಹೊಸ ಬಗೆಯದು. ಬಾಗಿಲಿನ ಕಾವಲುಗಾರನಿಗೆ ಅದರ ಭಾಷೆ ತಿಳಿಯದು. ದುಂಡು ತುದಿಯ ಹಳೆಯ ಕೀಲಿಮಣೆಯೊಂದನ್ನು ಎಲ್ಲಿಂದಲಾದರೂ ಎರವಲು ತಂದು ಜೋಡಿಸಿದರೆ ಆ ಯಂತ್ರ ಎಚ್ಚರಗೊಳ್ಳುತ್ತದೆ. ಅದು ದೊರೆಯದಿದ್ದರೆ, ಕೆಲಸ ಮಾಡಬಲ್ಲ ಯಂತ್ರವೊಂದು ಕಸದ ರಾಶಿಯನ್ನು ಸೇರುತ್ತದೆ.

ಈ ಕಾವಲುಗಾರ ಯಾರು? ಗಣಕವನ್ನು ನಡೆಸುವ ದೊಡ್ಡ ಕಾರ್ಯಾಚರಣ ವ್ಯವಸ್ಥೆಯು ಅದರ ಉಗ್ರಾಣದಂತಿರುವ ಡಿಸ್ಕಿನಲ್ಲಿ ನಿದ್ರಿಸುತ್ತಿರುತ್ತದೆ. ವಿದ್ಯುತ್ತು ಹರಿದ ಕ್ಷಣದಲ್ಲಿ ಯಂತ್ರದ ಕೆಲಸದ ಸ್ಮೃತಿ ಬರಿದಾಗಿರುತ್ತದೆ. ನಿದ್ರಿಸುವವನನ್ನು ಎಬ್ಬಿಸಲು ಎಚ್ಚರವಾಗಿರುವವನೊಬ್ಬನು ಬೇಕಲ್ಲವೆ? ಆದುದರಿಂದ ಗಣಕದ ಮುಖ್ಯ ಹಲಗೆಯ ಮೇಲಿನ ಒಂದು ಸಣ್ಣ ಚಿಪ್ಪಿನಲ್ಲಿ, ವಿದ್ಯುತ್ತು ಹೋದರೂ ಅಳಿಯದಂತೆ, ಒಂದು ಕಿರಿಯ ತಂತ್ರಾಂಶವನ್ನು ಬರೆದಿಟ್ಟಿರುತ್ತಾರೆ. ಇದಕ್ಕೆ ಫರ್ಮ್‌ವೇರ್ ಎಂದು ಹೆಸರು. 1981ರಲ್ಲಿ ಐ.ಬಿ.ಎಂ. ಸಂಸ್ಥೆಯು ಹೊರತಂದ ಪರ್ಸನಲ್ ಕಂಪ್ಯೂಟರಿನಲ್ಲಿ ಇದನ್ನು ಬಯಾಸ್ ಎಂದು ಕರೆದರು. ಇಂದಿನ ಯಂತ್ರಗಳಲ್ಲಿ ಬಹುಮಟ್ಟಿಗೆ ಯು.ಇ.ಎಫ್.ಐ. ಎಂಬ ಹೊಸ ಏರ್ಪಾಡು ಅದರ ಸ್ಥಾನದಲ್ಲಿದೆ. ಫರ್ಮ್‌ವೇರು ಯಂತ್ರದ ಅಂಗಾಂಗಗಳನ್ನು ಪರೀಕ್ಷಿಸಿ, ಡಿಸ್ಕನ್ನು ಹುಡುಕಿ, ದೊಡ್ಡ ವ್ಯವಸ್ಥೆಯನ್ನು ಎಬ್ಬಿಸಿ, ಅಧಿಕಾರವನ್ನು ಅದಕ್ಕೆ ಒಪ್ಪಿಸುತ್ತದೆ. ಇದೆಲ್ಲ ಕೆಲವೇ ಕ್ಷಣಗಳ ಕೆಲಸ. ಈ ಕ್ಷಣಗಳಲ್ಲಿ ಕೀಲಿಮಣೆಯ ಮಾತನ್ನು ಅರಿಯುವ ಭಾಗಕ್ಕೆ ಕೀಲಿಮಣೆಯ ಡ್ರೈವರ್ ಎನ್ನುತ್ತಾರೆ. ಇವನೇ ನಮ್ಮ ಕಾವಲುಗಾರ.

ಕೀಲಿಮಣೆಯು ಅಕ್ಷರಗಳನ್ನು ಕಳುಹಿಸುತ್ತದೆ ಎಂದು ನಾವು ತಿಳಿದಿದ್ದೇವೆ. ಇದು ನಿಜವಲ್ಲ. ಕೀಲಿಗಳ ಕೆಳಗೆ ತಂತಿಗಳು ಅಡ್ಡಲಾಗಿಯೂ ಉದ್ದವಾಗಿಯೂ ಹಾಸಿಕೊಂಡಿರುತ್ತವೆ. 10 ಅಡ್ಡ ಗೆರೆಗಳೂ 10 ಉದ್ದ ಗೆರೆಗಳೂ ಇದ್ದರೆ, ಅವು ಸಂಧಿಸುವ 100 ತಾಣಗಳಲ್ಲಿ 100 ಕೀಲಿಗಳನ್ನು ಕೂರಿಸಬಹುದು; 20 ತಂತಿಗಳು ಸಾಕು. ಕೀಲಿಮಣೆಯೊಳಗಿನ ಪುಟ್ಟ ಸಂಸ್ಕಾರಕವೊಂದು ಈ ಗೆರೆಗಳನ್ನು ಬಿಡುವಿಲ್ಲದೆ ತಡಕುತ್ತ, ಯಾವ ತಾಣದಲ್ಲಿ ತಂತಿಗಳು ಕೂಡಿದವೆಂದು ನೋಡುತ್ತಿರುತ್ತದೆ. ಬೆರಳು ತಾಗಿದೊಡನೆ ಲೋಹದ ಪಟ್ಟಿ ಕೆಲವು ಸಲ ಪುಟಿಯುತ್ತದೆ. ಅದನ್ನು ಹಲವು ಒತ್ತುಗಳೆಂದು ಭ್ರಮಿಸದೆ, ಪುಟಿತ ನಿಲ್ಲುವವರೆಗೆ ಕಾದು, ಅನಂತರವೇ ಅದು ಸುದ್ದಿಯನ್ನು ಕಳುಹಿಸುತ್ತದೆ. ಆ ಸುದ್ದಿಯಾದರೂ ಒಂದು ಸಂಖ್ಯೆ ಮಾತ್ರ.

ತೊಡಕು ಆರಂಭವಾಗುವುದು ಇಲ್ಲಿಯೇ. ಐ.ಬಿ.ಎಂ. ಸಂಸ್ಥೆಯು 1987ರಲ್ಲಿ ತಂದ ಪಿ.ಎಸ್.-2 ಗಣಕಗಳಿಂದ ಸಣ್ಣ ದುಂಡು ತುದಿಯ ಕೀಲಿಮಣೆಗಳು ಬಳಕೆಗೆ ಬಂದವು. ಇಂತಹ ಕೀಲಿಮಣೆಯಲ್ಲಿ ‘ಎ’ ಕೀಲಿಯನ್ನು ಒತ್ತಿದರೆ 28 ಎಂಬ ಸಂಖ್ಯೆ ಹೊರಡುತ್ತದೆ. ಬೆರಳನ್ನು ತೆಗೆದರೆ 240 ಮತ್ತು 28 ಎಂಬ ಎರಡು ಸಂಖ್ಯೆಗಳು ಹೊರಡುತ್ತವೆ. ಗಣಕದೊಳಗಿನ ನಿಯಂತ್ರಕವು, ಇನ್ನೂ ಹಳೆಯ ರೂಢಿಗೆ ಹೊಂದುವಂತೆ, ಒತ್ತಿದ್ದನ್ನು 30 ಎಂದೂ ಬಿಟ್ಟದ್ದನ್ನು ಅದಕ್ಕೆ 128 ಕೂಡಿಸಿ 158 ಎಂದೂ ಬದಲಾಯಿಸುತ್ತದೆ. 1996ರಲ್ಲಿ ಯು.ಎಸ್.ಬಿ. ಎಂಬ ಹೊಸ ಪದ್ಧತಿ ಬಂದಿತು. ಅದರಲ್ಲಿ ಇದೇ ಕೀಲಿಯ ಸಂಖ್ಯೆ 4. ಅಷ್ಟೇ ಅಲ್ಲ, ಹಳೆಯ ಕೀಲಿಮಣೆ ತಾನಾಗಿಯೇ ಕೂಗಿ ಹೇಳುತ್ತಿತ್ತು. ಹೊಸದು ಗಣಕವು ಕೇಳಿದಾಗ ಮಾತ್ರ ಉತ್ತರ ಕೊಡುತ್ತದೆ. ಫರ್ಮ್‌ವೇರಿನಂತಹ ಕಿರಿಯ ತಂತ್ರಾಂಶಕ್ಕೆ ಸುಲಭವಾಗಲೆಂದು ಈ ಪದ್ಧತಿಯಲ್ಲಿ ಒಂದು ಸರಳ ಉತ್ತರವನ್ನು ಗೊತ್ತುಮಾಡಿದ್ದಾರೆ. ಅದರ ಉದ್ದ ಎಂಟು ಬೈಟುಗಳು. ಮೊದಲನೆಯದು ಶಿಫ್ಟ್, ಕಂಟ್ರೋಲ್ ಮೊದಲಾದ ಸಹಾಯಕ ಕೀಲಿಗಳಿಗೆ ಮೀಸಲು, ಎರಡನೆಯದು ಖಾಲಿ, ಉಳಿದ ಆರು ಒತ್ತಿರುವ ಕೀಲಿಗಳಿಗೆ. ಏಳನೆಯ ಕೀಲಿಯನ್ನು ಜೊತೆಯಲ್ಲಿಯೇ ಒತ್ತಿದರೆ ಹೇಳಲು ಸ್ಥಳವಿಲ್ಲ.

ಒಂದೇ ಕೀಲಿಗೆ 28, 30, 4 ಎಂಬ ಮೂರು ಹೆಸರುಗಳು! ಒಬ್ಬನನ್ನೇ ಮನೆಯಲ್ಲಿ ಒಂದು ಹೆಸರಿನಿಂದ, ಶಾಲೆಯಲ್ಲಿ ಮತ್ತೊಂದು ಹೆಸರಿನಿಂದ ಕರೆಯುವಂತೆ. ಒಳ್ಳೆಯ ಕಾವಲುಗಾರನು ಈ ಹೆಸರುಗಳನ್ನೆಲ್ಲ ಅರಿತಿರಬೇಕು.

ಅವನಿಗೆ ತಾಳ್ಮೆಯೂ ಬೇಕು. ಹಳೆಯ ಬಗೆಯ ಕೀಲಿಮಣೆಯು ವಿದ್ಯುತ್ತು ಬಂದೊಡನೆ ತನ್ನನ್ನು ತಾನೇ ಪರೀಕ್ಷಿಸಿಕೊಂಡು, ಎಲ್ಲವೂ ಸರಿಯಿದ್ದರೆ 170 ಎಂಬ ಸಂಖ್ಯೆಯನ್ನು ಕಳುಹಿಸುತ್ತದೆ. ಈ ಪರೀಕ್ಷೆಗೆ ಸ್ವಲ್ಪ ಕಾಲ ಹಿಡಿಯುತ್ತದೆ. ಅಷ್ಟರೊಳಗೆ ಡ್ರೈವರು ಬೇಸತ್ತು ‘ಕೀಲಿಮಣೆ ಇಲ್ಲ’ ಎಂದು ತೀರ್ಮಾನಿಸಿದರೆ, ಇರುವ ಕೀಲಿಮಣೆಯೂ ಇಲ್ಲದಂತಾಗುತ್ತದೆ. ಹಾಗೆಂದು ಬಹಳ ಹೊತ್ತು ಕಾದು ಕುಳಿತರೆ, ಕೀಲಿಮಣೆಯನ್ನೇ ಜೋಡಿಸದ ಯಂತ್ರವು ಪ್ರತಿಸಲವೂ ವೃಥಾ ತಡಮಾಡುತ್ತದೆ. ಎಷ್ಟು ಕಾಯಬೇಕು, ಎಷ್ಟು ಸಲ ಕೇಳಬೇಕು, ಉತ್ತರ ಬಾರದಿದ್ದರೆ ಹೇಗೆ ಮುಂದೆ ಸಾಗಬೇಕು ಎಂಬುದನ್ನು ನಿರ್ಣಯಿಸುವುದೇ ಡ್ರೈವರ್ ಬರೆಯುವವರ ಜಾಣ್ಮೆ. ‘ಕೀಲಿಮಣೆ ಇಲ್ಲ, ಮುಂದುವರಿಯಲು ಎಫ್‌ 1 ಒತ್ತಿರಿ’ ಎಂದು ಕೆಲವು ಯಂತ್ರಗಳು ಹೇಳುತ್ತಿದ್ದುದು ಗಣಕ ಬಲ್ಲವರ ನಡುವೆ ಇಂದಿಗೂ ನಗೆಯ ಮಾತಾಗಿದೆ. ಇಲ್ಲದ ಕೀಲಿಮಣೆಯ ಕೀಲಿಯನ್ನು ಒತ್ತುವುದಾದರೂ ಹೇಗೆ?

ಕೇಳಿಸಿಕೊಂಡದ್ದನ್ನು ಕೂಡಿಡುವ ಕೆಲಸವೂ ಉಂಟು. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಅಡ್ಡಲಾಗಿ ಕಟ್ಟಿರುವ ವಾಣಿವಿಲಾಸ ಸಾಗರವನ್ನು ನೀವು ನೋಡಿರಬಹುದು. 1907ರಲ್ಲಿ ಮುಗಿದ ಆ ಅಣೆಕಟ್ಟು, ಬಂದ ನೀರನ್ನು ಹಿಡಿದಿಟ್ಟು ಬೇಕಾದಾಗ ಹೊಲಗಳಿಗೆ ಬಿಡುತ್ತದೆ. ತುಂಬಿದರೆ ಕೋಡಿ ಬೀಳುತ್ತದೆ. ಬಯಾಸ್ ಕೂಡ ಯಂತ್ರವು ಬೇರೆ ಕೆಲಸದಲ್ಲಿ ತೊಡಗಿರುವಾಗ ಬಂದ ಕೀಲಿಗಳನ್ನು ಒಂದು ಸಣ್ಣ ತೊಟ್ಟಿಯಲ್ಲಿ ಕೂಡಿಡುತ್ತಿತ್ತು. ಐ.ಬಿ.ಎಂ. ಗಣಕದಲ್ಲಿ ಆ ತೊಟ್ಟಿ ಹಿಡಿಯುತ್ತಿದ್ದುದು 15 ಒತ್ತುಗಳನ್ನು ಮಾತ್ರ. ಹದಿನಾರನೆಯದು ಬಂದರೆ ಯಂತ್ರವು ‘ಬೀಪ್’ ಎಂದು ಕೂಗಿ ಅದನ್ನು ಬಿಟ್ಟುಬಿಡುತ್ತಿತ್ತು.

ಇಷ್ಟೆಲ್ಲ ಅರಿತ ಕಾವಲುಗಾರನಿಗೆ ಕನ್ನಡ ಬರುತ್ತದೆಯೆ? ಬರುವುದಿಲ್ಲ. ನಿಜವಾಗಿ ನೋಡಿದರೆ, ಸಂಖ್ಯೆಯ ಮಟ್ಟದಲ್ಲಿ ಅವನಿಗೆ ಯಾವ ಭಾಷೆಯೂ ಬೇಕಿಲ್ಲ. ‘ಈ ತಾಣದ ಕೀಲಿಯನ್ನು ಒತ್ತಿದರು, ಈಗ ಬಿಟ್ಟರು’ ಎಂದು ತಪ್ಪಿಲ್ಲದೆ ವರದಿ ಮಾಡುವುದಷ್ಟೇ ಅವನ ಧರ್ಮ. ಆ ತಾಣಕ್ಕೆ ಯಾವ ಅಕ್ಷರವೆಂಬುದನ್ನು ನಿರ್ಣಯಿಸುವುದು ಕೀಲಿ ವಿನ್ಯಾಸ. ಇಂಗ್ಲಿಷಿನ ‘ಎ’ ಇರುವ ತಾಣದಲ್ಲಿ ಫ್ರಾನ್ಸಿನ ಕೀಲಿಮಣೆಯಲ್ಲಿ ‘ಕ್ಯೂ’ ಇರುತ್ತದೆ. ಭಾರತ ಸರ್ಕಾರವು 1986ರಲ್ಲಿ ರೂಪಿಸಿದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಅದೇ ತಾಣ ಓತ್ವದ ದೀರ್ಘ ಚಿಹ್ನೆಯನ್ನು ಕೊಡುತ್ತದೆ. ಕೆ. ಪಿ. ರಾವ್ ಅವರ ವಿನ್ಯಾಸದಲ್ಲಿ ಅದೇ ತಾಣ ‘ಅ’ ಆಗುತ್ತದೆ.

ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ಮುದ್ರಣಕ್ಕಾಗಿ ಅಕ್ಷರಗಳನ್ನು ಜೋಡಿಸುವ ವಿದ್ಯೆಯಲ್ಲಿ ನುರಿತವರು. ಕನ್ನಡದ ಸ್ವರ, ವ್ಯಂಜನ, ಗುಣಿತ, ಒತ್ತಕ್ಷರಗಳನ್ನು ಲೆಕ್ಕ ಹಾಕಿದರೆ ಅವು ನೂರಾರು ಆಗುತ್ತವೆ. ಪ್ರತಿಯೊಂದಕ್ಕೂ ಒಂದು ಕೀಲಿ ಬೇಕೆಂದರೆ ಮೇಜು ಸಾಲದು. ಅವರು ಅಕ್ಷರದ ಆಕಾರವನ್ನು ಬಿಟ್ಟು ಉಚ್ಚಾರಣೆಯನ್ನು ಹಿಡಿದರು. ಇಂಗ್ಲಿಷಿನ 26 ಅಕ್ಷರಗಳ ಕೀಲಿಗಳನ್ನೂ ಶಿಫ್ಟ್ ಕೀಲಿಯನ್ನೂ ಬಳಸಿ ಇಡೀ ಕನ್ನಡವನ್ನು ಬರೆಯುವ ಹಾದಿಯನ್ನು ತೋರಿಸಿದರು. ತಾವು ರೂಪಿಸಿದ ತಂತ್ರಾಂಶಕ್ಕೆ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ ‘ಸೇಡಿಯಾಪು’ ಎಂದು ಹೆಸರಿಟ್ಟರು. ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶವೂ ಇದೇ ಹಾದಿಯಲ್ಲಿ ನಡೆಯಿತು.

‘ಚಿತ್ರದುರ್ಗ’ ಎಂಬ ಪದವನ್ನು ನುಡಿಯಲ್ಲಿ ಬರೆಯೋಣ. ಚಿ, ತ್ರ, ದು, ರ್ಗ ಎಂಬ ನಾಲ್ಕು ಅಕ್ಷರಗಳಿಗೆ ಬೇಕಾಗುವುದು ಹತ್ತು ಒತ್ತುಗಳು: ಸಿ, ಐ, ಟಿ, ಎಫ್, ಆರ್, ಡಿ, ಯು, ಆರ್, ಎಫ್, ಜಿ. ಇಲ್ಲಿ ‘ಎಫ್’ ಕೀಲಿಯು ಒತ್ತಕ್ಷರವನ್ನು ಕೂಡಿಸುವ ಕೊಂಡಿ. ಪ್ರತಿಯೊಂದನ್ನೂ ಒತ್ತಿದ್ದು ಒಂದು, ಬಿಟ್ಟದ್ದು ಒಂದು ಎಂದು ಎಣಿಸಿದರೆ ಕಾವಲುಗಾರನ ವರದಿಗಳು ಇಪ್ಪತ್ತು. ಅವುಗಳಲ್ಲಿ ಒಂದು ತಪ್ಪಿದರೂ ಊರಿನ ಹೆಸರು ಕೆಡುತ್ತದೆ. ಇನ್ನೊಂದು ವಿಷಯವನ್ನು ಗಮನಿಸಿರಿ. ಕನ್ನಡಕ್ಕಾಗಿ ಹೊಸ ಕೀಲಿಮಣೆಯನ್ನು ಮಾಡಿಸಬೇಕಾಗಲಿಲ್ಲ, ಡ್ರೈವರನ್ನು ಬದಲಿಸಬೇಕಾಗಲಿಲ್ಲ. ಕೆಳಗಿನ ಮೆಟ್ಟಿಲು ಪ್ರಾಮಾಣಿಕವಾಗಿದ್ದುದರಿಂದ ಮೇಲಿನ ಮೆಟ್ಟಿಲಿನಲ್ಲಿ ನಮ್ಮ ನುಡಿ ನೆಲೆಯೂರಿತು.

ಆದರೆ ನುಡಿಯಂತಹ ತಂತ್ರಾಂಶ ಕೆಲಸ ಮಾಡುವುದು ದೊಡ್ಡ ವ್ಯವಸ್ಥೆ ಎಚ್ಚೆತ್ತ ಮೇಲೆ. ಅದಕ್ಕೆ ಮೊದಲು ಫರ್ಮ್‌ವೇರು ಸಾಮಾನ್ಯವಾಗಿ ಅಮೆರಿಕದ ಇಂಗ್ಲಿಷ್ ವಿನ್ಯಾಸವನ್ನೇ ನಂಬಿರುತ್ತದೆ. ಆದುದರಿಂದ ಯಂತ್ರ ಎಚ್ಚರಗೊಳ್ಳುವಾಗ ಕೇಳುವ ಗುಪ್ತಪದವನ್ನು ಎಲ್ಲ ವಿನ್ಯಾಸಗಳಲ್ಲಿಯೂ ಒಂದೇ ಕಡೆ ಇರುವ ಕೀಲಿಗಳಿಂದ ರಚಿಸುವುದು ಜಾಣತನ. ಇಲ್ಲವಾದರೆ ಸರಿಯಾದ ಪದವನ್ನು ಬಲ್ಲ ಒಡೆಯನೇ ತನ್ನ ಮನೆಯ ಹೊರಗೆ ನಿಲ್ಲಬೇಕಾದೀತು.

ಇಂತಹ ಕೊರತೆಗಳನ್ನು ತಿದ್ದುವವರು ಯಾರು? ಬಹುಪಾಲು ಫರ್ಮ್‌ವೇರನ್ನು ಕಂಪನಿಗಳು ಮುಚ್ಚಿಟ್ಟ ಪೆಟ್ಟಿಗೆಯಂತೆ ಕೊಡುತ್ತವೆ. 1999ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ರೊನಾಲ್ಡ್ ಮಿನಿಚ್ ಎಂಬುವರು ಎಲ್ಲರೂ ಓದಿ ತಿದ್ದಬಹುದಾದ ಫರ್ಮ್‌ವೇರಿನ ಕೆಲಸವನ್ನು ಆರಂಭಿಸಿದರು. ಲಿನಕ್ಸ್‌ಬಯಾಸ್ ಎಂಬ ಹೆಸರಿನ ಆ ಯೋಜನೆಗೆ 2008ರಲ್ಲಿ ಕೋರ್‌ಬೂಟ್ ಎಂದು ಹೆಸರಾಯಿತು. ಇಂತಹ ತೆರೆದ ಕೆಲಸದಲ್ಲಿ ಊರೂರುಗಳ ಜನ ಸೇರಬಹುದು. ತನ್ನ ಕೀಲಿಮಣೆ ಕೇಳಿಸದಿರುವುದನ್ನು ಕಂಡವನು ಅದು ಕಳುಹಿಸುವ ಸಂಖ್ಯೆಗಳನ್ನು ಬರೆದಿಡುತ್ತಾನೆ. ತಪ್ಪು ಎಲ್ಲಿದೆಯೆಂದು ಹುಡುಕುತ್ತಾನೆ. ನಾಲ್ಕು ಸಾಲುಗಳ ತಿದ್ದುಪಡಿಯನ್ನು ಬರೆಯುತ್ತಾನೆ. ಬೇರೆಯವರು ಅದನ್ನು ಓದಿ ವಿಮರ್ಶಿಸುತ್ತಾರೆ. ಹಳೆಯ ಕೀಲಿಮಣೆಗಳ ಮೇಲೆಯೂ ಅದನ್ನು ಪರೀಕ್ಷಿಸುತ್ತಾರೆ. ಹೊಸಬನನ್ನು ಒಳಗೆ ಬಿಡುವ ಉತ್ಸಾಹದಲ್ಲಿ ಹಳೆಯ ನಂಟರಿಗೆ ಬಾಗಿಲು ಮುಚ್ಚಬಾರದಲ್ಲವೆ?

ಈ ಕೆಲಸಕ್ಕೆ ಹೆಚ್ಚಿನ ಹೆಸರು ಬರುವುದಿಲ್ಲ. ಡ್ರೈವರು ಸರಿಯಾಗಿರುವವರೆಗೆ ಅದು ಇರುವುದೇ ಯಾರಿಗೂ ತಿಳಿಯದು. ಆದರೆ ನಾವು ಬರೆಯುವ ಪ್ರತಿಯೊಂದು ಪದವೂ ಮೊದಲು ಆ ಮೆಟ್ಟಿಲನ್ನು ಹತ್ತಿಯೇ ಮೇಲೆ ಬರಬೇಕು. ಇನ್ನೊಮ್ಮೆ ಗಣಕದ ಗುಂಡಿಯನ್ನು ಒತ್ತುವಾಗ, ತೆರೆ ಬೆಳಗುವ ಮುನ್ನಿನ ಆ ಕ್ಷಣಗಳನ್ನು ಗಮನಿಸಿರಿ. ನಿಮ್ಮ ಬೆರಳಿನ ಮಾತಿಗೆ ಕಿವಿಗೊಟ್ಟು ಮೊದಲ ಬಾಗಿಲಿನಲ್ಲಿ ಕಾವಲುಗಾರನು ಕಾದಿರುತ್ತಾನೆ.

ಪದಗಳ ಅರ್ಥ

ಕೀಲಿಮಣೆ – ಗಣಕಕ್ಕೆ ಅಕ್ಷರಗಳನ್ನು ಊಡಿಸುವ ಸಾಧನ
ದಳವಾಯಿ – ಸೇನಾಪತಿ
ಉಗ್ರಾಣ – ಸಾಮಾನುಗಳನ್ನು ಕೂಡಿಡುವ ಸ್ಥಳ
ಎರವಲು – ಹಿಂದಿರುಗಿಸುವ ಮಾತಿನ ಮೇಲೆ ತಂದದ್ದು
ಕೋಡಿ ಬೀಳು – ಕೆರೆ ತುಂಬಿ ಹೆಚ್ಚಾದ ನೀರು ಹೊರಗೆ ಹರಿ
ವೃಥಾ – ವ್ಯರ್ಥವಾಗಿ

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಫರ್ಮ್‌ವೇರನ್ನು ಗಣಕದ ಯಾವ ಭಾಗದಲ್ಲಿ ಬರೆದಿಟ್ಟಿರುತ್ತಾರೆ?
2. ಹಳೆಯ ಬಗೆಯ ಕೀಲಿಮಣೆಯು ತಾನು ಸರಿಯಾಗಿರುವುದನ್ನು ಹೇಗೆ ತಿಳಿಸುತ್ತದೆ?
3. ನುಡಿಯಲ್ಲಿ ‘ಎಫ್’ ಕೀಲಿಯ ಕೆಲಸವೇನು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಡ್ರೈವರಿಗೆ ತಾಳ್ಮೆ ಏಕೆ ಬೇಕು? ತಾಳ್ಮೆ ಹೆಚ್ಚಾದರೆ ಏನಾಗುತ್ತದೆ?
2. ಹಳೆಯ ಕೀಲಿಮಣೆಗೂ ಯು.ಎಸ್.ಬಿ. ಕೀಲಿಮಣೆಗೂ ಇರುವ ವ್ಯತ್ಯಾಸಗಳನ್ನು ತಿಳಿಸಿರಿ.
3. ಕನ್ನಡಕ್ಕಾಗಿ ಡ್ರೈವರನ್ನು ಬದಲಿಸಬೇಕಾಗಲಿಲ್ಲ; ಏಕೆ?

ಇ. ‘ಕಾವಲುಗಾರನ ಹುದ್ದೆ ಚಿಕ್ಕದು, ಹೊಣೆ ಚಿಕ್ಕದಲ್ಲ’ – ಈ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿರಿ.

ಈ. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ: ಊರೂರು, ಮಳೆಗಾಲ, ಗುಂಡಿಯನ್ನು.