ಲ್ಯಾಂಬ್ರೆಟ್ಟಾದ ಜೀರ್ಣೋದ್ಧಾರ ಮತ್ತು ನನ್ನ ಭಾವಮೈದುನ

ಹಳೆಯ ಲ್ಯಾಂಬ್ರೆಟ್ಟಾ ಸ್ಕೂಟರೊಂದನ್ನು ಜೀರ್ಣೋದ್ಧಾರ ಮಾಡಬೇಕೆಂಬ ಸಂಕಲ್ಪವುಳ್ಳವರು, ಯಂತ್ರದ ಮೊದಲ ತಿರುಪನ್ನು ಸಡಿಲಿಸುವುದಕ್ಕೆ ಮುಂಚೆಯೇ, ತಮ್ಮ ಗೈರುಹಾಜರಿಯಲ್ಲಿ ಅದಕ್ಕೆ ಕೈಹಚ್ಚಬಲ್ಲ ಬಂಧುಗಳು ಯಾರು ಯಾರಿದ್ದಾರೆಂಬುದನ್ನು ವಿಚಾರಿಸಿಕೊಳ್ಳತಕ್ಕದ್ದು. ಈ ಮಾತನ್ನು ನಾನು ಪರೋಪಕಾರಬುದ್ಧಿಯಿಂದಲೇ ಆಡುತ್ತಿದ್ದೇನೆ. ಅದರೊಳಗೆ ಸ್ವಲ್ಪ ಕೋಪವೂ ಬೆರೆತಿದ್ದರೆ ವಾಚಕರು ಕ್ಷಮಿಸಬೇಕು.

ನನ್ನದು ಲಖನೌದ ವಿಜಯ್ ಸೂಪರ್. ತಂದೆಯವರು ಧಾರವಾಡದ ಬೀದಿಗಳಲ್ಲಿ ಓಡಿಸಿದ್ದು. ಅದನ್ನು ಇಟಲಿಯ ವಾಹನವೆಂದರೆ ನಗುವವರುಂಟು. ಆದರೆ ಮಿಲಾನ್ ನಗರದ ಇನ್ನೊಚೆಂಟಿ ಕಾರ್ಖಾನೆಯು 1947ರಿಂದ ನಿರ್ಮಿಸುತ್ತ ಬಂದ ಲ್ಯಾಂಬ್ರೆಟ್ಟಾಗಳ ಪೈಕಿ, 1969ರಲ್ಲಿ ಬೆರ್ತೋನೆ ಸಂಸ್ಥೆಯ ಕೈಯಲ್ಲಿ ರೂಪುಗೊಂಡು, ಪಂದ್ಯದ ಮೈದಾನವನ್ನು ನೆನಪಿಗೆ ತರುವ ಗ್ರ್ಯಾನ್ ಪ್ರೀ ಎಂಬ ಹೆಸರನ್ನು ಹೊತ್ತ ಕೊನೆಯ ಮಾದರಿಯೇ, ಅಲ್ಲಿನ ಯಂತ್ರೋಪಕರಣಗಳೊಡನೆ ಸಮುದ್ರವನ್ನು ದಾಟಿ, 1972ರಲ್ಲಿ ಸ್ಥಾಪಿತವಾದ ಸ್ಕೂಟರ್ಸ್ ಇಂಡಿಯಾದಲ್ಲಿ ವಿಜಯ್ ಸೂಪರ್ ಆಯಿತೆಂಬುದನ್ನು ತಿಳಿದವನು ನಗಲಾರನು. 57 ಮಿಲಿಮೀಟರಿನ ಬೋರು, 58ರ ಸ್ಟ್ರೋಕು, 148 ಸಿ.ಸಿ.; ಮಿಲಾನಿನಲ್ಲಿ ಗೊತ್ತುಮಾಡಿದ ಅಳತೆಯೇ ನನ್ನ ಸಿಲಿಂಡರಿನದೂ ಆಗಿತ್ತು.

ನಾನು ಕೆಲಸಕ್ಕಿರುವ ಗೋವೆಯ ಉಸಗಾಂವದ ಹವೆ ಉಕ್ಕಿಗೆ ಹಿತವಾದದ್ದಲ್ಲ. ಅಲ್ಲಿಯ ತಿಸ್ಕಿನ ದಾರಿಗಳಲ್ಲಿ ಅದಿರಿನ ಲಾರಿಗಳು ವರ್ಷಗಟ್ಟಲೆ ಚೆಲ್ಲಿದ ಕೆಂಧೂಳಿಯ ಮೇಲೆ ಮುಂಗಾರಿನ ತೇವವು ಕೂಡಿಕೊಂಡರೆ, ಕೊಳವೆಯಾಕಾರದ ಫ್ರೇಮು ಒಳಗಿನಿಂದಲೇ ತುಕ್ಕು ಹಿಡಿಯತೊಡಗುತ್ತದೆ. ಆದುದರಿಂದ ಯಂತ್ರವನ್ನು ಬೆಳಗಾವಿಗೆ ಸಾಗಿಸಿ, ಉದ್ಯಮಬಾಗದ ಲೇತುಗಳಲ್ಲಿ ಸಿಲಿಂಡರನ್ನು ಬೋರು ಮಾಡಿಸಿ, ಕ್ರ್ಯಾಂಕಿನ ಎರಡೂ ಪಾರ್ಶ್ವಗಳ ಆಯಿಲ್ ಸೀಲುಗಳನ್ನು ಹೊಸದಾಗಿ ಕೂಡಿಸಿದೆನು. ಬಣ್ಣ, ವೈರಿಂಗು ಮುಂತಾದ ಸಂಗತಿಗಳಲ್ಲಿ ಹೇಳತಕ್ಕ ವಿಶೇಷವೇನಿಲ್ಲ. ದುಡ್ಡಿದ್ದರೆ ಅವು ತಾವಾಗಿಯೇ ಆಗುತ್ತವೆ.

ವಿಶೇಷವಿರುವುದು ಭಾವಮೈದುನನಲ್ಲಿ. ನಾನು ಉಸಗಾಂವದಲ್ಲಿ ಪಾಳಿಯ ಕೆಲಸದಲ್ಲಿದ್ದಾಗ, ಬೆಳಗಾವಿಯ ತನ್ನ ಶೆಡ್ಡಿನಲ್ಲಿ ಯಂತ್ರವನ್ನಿಟ್ಟುಕೊಂಡಿದ್ದ ಆ ಮಹಾಶಯನು, ನನ್ನನ್ನು ಸಂತೋಷಪಡಿಸುವ ಉದ್ದೇಶದಿಂದ, ಕಾರ್ಖಾನೆಯ ಸೈಲೆನ್ಸರನ್ನು ಗುಜರಿಗೆ ಹಾಕಿ, ಅದರ ಸ್ಥಾನದಲ್ಲಿ ಹೊಟ್ಟೆಯುಬ್ಬಿದ ರೇಸಿನ ಎಕ್ಸ್‌ಪಾನ್ಷನ್ ಚೇಂಬರೊಂದನ್ನು ಬಿಗಿದಿಟ್ಟಿದ್ದನು. ಇಂಥ ಕೊಳವೆಯಲ್ಲಿ ಹೊರಬಿದ್ದ ಹೊಗೆಯ ಒತ್ತಡದ ಅಲೆಯು ಹಿಂದಿರುಗಿ ಬಂದು, ತಪ್ಪಿಸಿಕೊಂಡು ಹೋಗುವ ಹಸಿ ಮಿಶ್ರಣವನ್ನು ಸಿಲಿಂಡರಿಗೆ ಮರಳಿ ನೂಕುತ್ತದೆ. ಶಕ್ತಿ ಹೆಚ್ಚುತ್ತದೆಂಬುದು ನಿಜ, ಆದರೆ ಅದಕ್ಕೆ ತಕ್ಕಂತೆ ಕಾರ್ಬ್ಯುರೇಟರಿನ ಮುಖ್ಯ ಜೆಟ್ಟನ್ನು ದೊಡ್ಡದು ಮಾಡದಿದ್ದರೆ ಗಾಳಿ ಹೆಚ್ಚಾಗಿ, ಪೆಟ್ರೋಲು ಕಡಿಮೆಯಾಗಿ, ಪಿಸ್ಟನ್ನು ಕಾಯುತ್ತದೆ. "ಜೆಟ್ ಬದಲಿಸಿದೆಯೇನಪ್ಪಾ?" ಎಂದು ಕೇಳಿದೆನು. "ಎಲ್ಲಾ ಆಗಿದೆ, ನೀವು ಹೊಡೀರಿ" ಎಂದನು. ಮರುದಿನ ಬೆಳಗಿನ ಪಾಳಿಗೆ ನಾನು ಉಸಗಾಂವದಲ್ಲಿ ಹಾಜರಿರಬೇಕಾಗಿತ್ತು; ಅವನ ಮಾತನ್ನು ನಂಬಿ ಹೊರಟೆನು.

ಖಾನಾಪುರ, ಲೋಂಡಾ, ರಾಮನಗರಗಳನ್ನು ಹಾಯುವ ತನಕ ಅದು ಹಾಡುತ್ತಲೇ ಬಂದಿತು. ಅನಮೋಡದಿಂದ ಮುಂದೆ ಘಟ್ಟದ ಇಳಿಜಾರು. ಪೆಟ್ರೋಲಿನೊಡನೆಯೇ ಎಣ್ಣೆಯನ್ನು ಕುಡಿಯುವ ಟೂ ಸ್ಟ್ರೋಕ್ ಯಂತ್ರಕ್ಕೆ ಇಳಿಜಾರೇ ಶತ್ರು. ಎಕ್ಸಿಲರೇಟರನ್ನು ಮುಚ್ಚಿ ಗೇರಿನಲ್ಲಿ ಇಳಿದರೆ ಚಕ್ರವು ಪಿಸ್ಟನ್ನನ್ನು ರಭಸವಾಗಿ ಆಡಿಸುತ್ತದೆ, ಎಣ್ಣೆಯೋ ಬರುವುದೇ ಇಲ್ಲ. ಇದನ್ನು ಬಲ್ಲವನಾದ್ದರಿಂದ ಆಗಾಗ್ಗೆ ಕ್ಲಚ್ಚು ಹಿಡಿದು ಎಕ್ಸಿಲರೇಟರನ್ನು ತಿರುವುತ್ತಲೇ ಇಳಿಯುತ್ತಿದ್ದೆನು. ಜಡಿಮಳೆ, ಎಡಕ್ಕೆ ಜರಿದ ಮಣ್ಣು, ಬಲಕ್ಕೆ ಮೋಡ ತುಂಬಿದ ಕಂದರ, ಬೆನ್ನ ಹಿಂದೆ ಬ್ರೇಕಿನ ಉಸಿರು ಬಿಡುತ್ತ ಬರುವ ಸರಕಿನ ಲಾರಿ. ಒಂದು ತಿರುವಿನಲ್ಲಿ ಯಂತ್ರದ ಸ್ವರವು ಸಣ್ಣಗೆ ಕೀರಲಾಗಿ, ನಾನು ಅದೇನೆಂದು ಆಲೋಚಿಸುವಷ್ಟರಲ್ಲಿ, ಗಾಣಕ್ಕೆ ಕಲ್ಲು ಸಿಕ್ಕಿದಂತೆ ಹಿಂದಿನ ಚಕ್ರವು ಹಿಡಿದುಕೊಂಡುಬಿಟ್ಟಿತು. ಹತ್ತು ಇಂಚಿನ ಆ ಪುಟ್ಟ ಚಕ್ರವು ತೊಯ್ದ ಡಾಂಬರಿನ ಮೇಲೆ ಅಡ್ಡಲಾಗಿ ಜಾರತೊಡಗಿದ ಆ ಕ್ಷಣದಲ್ಲಿ, ಗೇರೂ ಕ್ಲಚ್ಚೂ ಎರಡೂ ಎಡಗೈಯ ಹಿಡಿಯಲ್ಲಿಯೇ ಇರುವ ಈ ರಚನೆಯನ್ನು ಕಲ್ಪಿಸಿದ ಪುಣ್ಯಾತ್ಮನನ್ನು ನೆನೆದೆನೋ ಶಪಿಸಿದೆನೋ ಹೇಳಲಾರೆ. ಕ್ಲಚ್ಚನ್ನು ಮಾತ್ರ ಒತ್ತಿದೆನು. ಚಕ್ರ ಬಿಡಿಸಿಕೊಂಡು ಉರುಳಿತು, ವಾಹನ ನೆಟ್ಟಗಾಯಿತು, ಲಾರಿಯು ನನ್ನ ಮೊಣಕೈಯ ಪಕ್ಕದಲ್ಲಿಯೇ ಹಾರ್ನಿನ ಘೋಷದೊಡನೆ ಹಾದುಹೋಯಿತು. ನಿಂತಮೇಲೆ ಕಾಲು ನೆಲಕ್ಕೆ ತಾಗಿದರೂ ತಾಗಿದ ಅರಿವಿರಲಿಲ್ಲ. ಯಂತ್ರ ಆರಿದ ಬಳಿಕ, ನ್ಯೂಟ್ರಲ್ಲಿನಲ್ಲಿ, ಬ್ರೇಕನ್ನೇ ನಂಬಿ ಮೊಲ್ಲೆಂ ತನಕ ಉರುಳಿಸಿಕೊಂಡು ಬಂದೆನು.

ಬಿಚ್ಚಿ ನೋಡಿದರೆ ಪಿಸ್ಟನ್ನಿನ ಎಕ್ಸಾಸ್ಟ್ ಬದಿಯಲ್ಲಿ ಅಲ್ಯುಮಿನಿಯಂ ಕರಗಿ ಸಿಲಿಂಡರಿನ ಗೋಡೆಗೆ ಬಳಿದುಕೊಂಡಿತ್ತು. ಕಾರ್ಬ್ಯುರೇಟರಿನೊಳಗೆ ಹಳೆಯ ಜೆಟ್ಟೇ ಕುಳಿತಿತ್ತು. ಇದಕ್ಕಿಂತ ಹೆಚ್ಚಿನ ಸಾಕ್ಷ್ಯವು ಯಾವ ನ್ಯಾಯಸ್ಥಾನಕ್ಕೆ ಬೇಕು?

ಉಳಿದ ಶಿಕ್ಷೆಯನ್ನು ಸಾರಿಗೆ ಕಚೇರಿಯ ಒಬ್ಬ ಅಧಿಕಾರಿ ಪೂರೈಸಿದನು. ಪರರಾಜ್ಯದ ವಾಹನವು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿದ್ದರೆ ಹೊಸ ನೋಂದಣಿ ಆಗಬೇಕೆಂಬ ನಿಯಮಕ್ಕನುಸಾರವಾಗಿ, ದುರಸ್ತಿಯಾದ ಯಂತ್ರವನ್ನು ಪರೀಕ್ಷೆಗೆ ಒಯ್ದರೆ, ಅವನು ಆ ಚೇಂಬರನ್ನು ನೋಡಿ, ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ಇದು ನಿಷಿದ್ಧ ಮಾರ್ಪಾಡೆಂದನು. ಅದು ಸರಿಯೇ, ನಾನೇ ಅದನ್ನು ಬಯಸಿರಲಿಲ್ಲ. ಹಳೆಯದೆಂಬ ರಿಯಾಯಿತಿ ಕೇಳೋಣವೆಂದರೆ, 2021ರ ನಿಯಮದಂತೆ ಐವತ್ತು ವರ್ಷ ಮೀರಿದ್ದು ಮಾತ್ರ ವಿಂಟೇಜ್. ನನ್ನದಕ್ಕೆ ಇನ್ನೂ ಆ ವಯಸ್ಸು ಬಂದಿರಲಿಲ್ಲ. ಇಷ್ಟನ್ನೂ ಸಹಿಸಬಹುದಿತ್ತು. ಆದರೆ ಕಾಯಿದೆಯನ್ನು ಕಲಮುವಾರು ಬಲ್ಲ ಆ ವಿದ್ವಾಂಸನು ಕಾಗದದಲ್ಲಿ ನನ್ನ ವಾಹನವನ್ನು "ವೆಸ್ಪಾ" ಎಂದು ಬರೆದನು! ತಗಡಿನ ಮೈಯನ್ನೇ ಅಸ್ಥಿಯಾಗಿಸಿಕೊಂಡು, ಬಲಪಾರ್ಶ್ವದಲ್ಲಿ ಯಂತ್ರವನ್ನು ನೇತುಹಾಕಿಕೊಂಡ ವೆಸ್ಪಾಕ್ಕೂ, ಉಕ್ಕಿನ ಕೊಳವೆಯ ಮೇಲೆ, ನಟ್ಟನಡುವೆ ಯಂತ್ರವನ್ನು ಧರಿಸಿದ ಲ್ಯಾಂಬ್ರೆಟ್ಟಾಕ್ಕೂ ಇರುವ ಅಂತರವು ತಿಸ್ಕಿನ ಪಂಕ್ಚರಿನ ಹುಡುಗನಿಗೂ ಗೊತ್ತು. ತಿದ್ದುಪಡಿಗಾಗಿ ಮತ್ತೆ ಅದೇ ಬೆಂಚು, ಅದೇ ಕಿಟಕಿ.

ಈ ದಾರಿ ಹಿಡಿಯುವವರಿಗೆ ಹೇಳಬಹುದಾದದ್ದು ಸ್ವಲ್ಪವೇ: ಜೆಟ್ಟಿನ ಮೇಲಿನ ಅಂಕೆಯನ್ನು ಸ್ವಂತ ಕಣ್ಣಿನಿಂದ ಓದಿರಿ, ಲೀಟರಿಗೆ 40 ಮಿಲಿಲೀಟರ್ ಎಣ್ಣೆಯನ್ನು ಅಳೆದೇ ಬೆರೆಸಿರಿ, ಬಿಚ್ಚಿದ ಮೂಲ ಭಾಗಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿರಿ. ಕಾರ್ಖಾನೆಯ ಸೈಲೆನ್ಸರಿಗಾಗಿ ಹುಬ್ಬಳ್ಳಿಯ ಗುಜರಿಗಳನ್ನೆಲ್ಲ ಜಾಲಾಡಿ, ಕೊನೆಗೊಂದನ್ನು ಸಂಪಾದಿಸಿ ಕೂಡಿಸಿದ್ದೇನೆ. ಭಾವಮೈದುನನು ತನ್ನ ಚೇಂಬರಿನ ಬೆಲೆಯನ್ನು ಹಬ್ಬಕ್ಕೊಮ್ಮೆ ಜ್ಞಾಪಿಸುತ್ತಾನೆ. ಪಿಸ್ಟನ್ನು, ಬೋರು, ಗುಜರಿಯ ಖರ್ಚುಗಳನ್ನು ಕಳೆದು ಉಳಿದದ್ದನ್ನು ಕೊಡುತ್ತೇನೆಂದು ನಾನೂ ತಪ್ಪದೆ ಉತ್ತರಿಸುತ್ತೇನೆ.