ಪೆಟ್ರೋಲ್ ಮೋವರ್ ಬಿಟ್ಟ ಮೇಲೆ ಕಲಿತದ್ದು

2024ರ ಮಾರ್ಚ್. ಕ್ಯಾಲಿಫೋರ್ನಿಯಾದ ರಾಜಧಾನಿ ಸ್ಯಾಕ್ರಮೆಂಟೊ ಪಕ್ಕದ ಫಾಲ್ಸಮ್ ಊರಿನಲ್ಲಿ ಮಳೆ ಹಿಂದೆ ಸರಿದು ಒಂದು ವಾರ ಬಿಸಿಲು ಕಾಯಿತು. ಅಷ್ಟಕ್ಕೇ ನಮ್ಮ ಹಿತ್ತಿಲಿನ ಹುಲ್ಲು ಪಾದ ಮುಚ್ಚುವಷ್ಟು ಬೆಳೆದು ನಿಂತಿತ್ತು. ಗ್ಯಾರೇಜಿನಿಂದ ಮೋವರ್ ಎಳೆದು ತಂದು ಹಗ್ಗ ಜಗ್ಗಿದೆ. ಹತ್ತು ಸಲ, ಇಪ್ಪತ್ತು ಸಲ. ರಟ್ಟೆ ಸೋತಿತೇ ಹೊರತು ಎಂಜಿನ್ ಹೊತ್ತಿಕೊಳ್ಳಲಿಲ್ಲ.

ರಿಪೇರಿಗೆ ಬಂದ ಮೆಕ್ಯಾನಿಕ್ ಕಾರ್ಬ್ಯುರೇಟರ್ ಬಿಚ್ಚಿ ಅಂಗೈ ಮೇಲಿಟ್ಟು ತೋರಿಸಿದ. ನವೆಂಬರಿನಿಂದ ಟ್ಯಾಂಕಿನಲ್ಲೇ ಉಳಿದ ಪೆಟ್ರೋಲು ಹಳಸಿ, ಸೂಜಿ ತೂತಿನಷ್ಟು ಸಣ್ಣ ಜೆಟ್ಟಿನಲ್ಲಿ ಜೇನಿನ ಬಣ್ಣದ ಅಂಟಾಗಿ ಕೂತಿತ್ತು. ಚಳಿಗಾಲಕ್ಕೆ ಮುಂಚೆ ಟ್ಯಾಂಕ್ ಖಾಲಿ ಮಾಡಬೇಕಿತ್ತು. ವರ್ಷಕ್ಕೊಮ್ಮೆ ಆಯಿಲ್, ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ಈಗ ಇದೊಂದು. ಪೆಟ್ರೋಲ್ ಯಂತ್ರಕ್ಕೆ ಬದಲಿ ಹುಡುಕಲು ಅಂದೇ ತೀರ್ಮಾನಿಸಿದೆ. ಸರಿಯಾದ ಬದಲಿ ಕೈಗೆ ಹತ್ತಲು ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳ ತಪ್ಪುಗಳು ಇನ್ನೊಬ್ಬರ ಹಣ ಮತ್ತು ಸಮಯ ಉಳಿಸಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಬದಲಾವಣೆಗೆ ರಿಪೇರಿಯ ಖರ್ಚೊಂದೇ ಕಾರಣವಲ್ಲ. ಸ್ಯಾಕ್ರಮೆಂಟೊ ಕಣಿವೆಯಲ್ಲಿ ಬೇಸಿಗೆಯ ಬಿಸಿಲಿಗೆ ಹೊಗೆ ಬೆಂದು ಓಝೋನ್ ಕಟ್ಟಿಕೊಳ್ಳುತ್ತದೆ. ಗಾಳಿ ತೀರಾ ಕೆಡುವ ದಿನಗಳಲ್ಲಿ ‘ಸ್ಪೇರ್ ದಿ ಏರ್’ ಎಂಬ ಎಚ್ಚರಿಕೆ ಬರುತ್ತದೆ. ಅಂಥ ದಿನ ನನ್ನ ಮಗಳು ಇನ್‌ಹೇಲರ್ ಇಲ್ಲದೆ ಶಾಲೆಗೆ ಹೋಗುವಂತಿಲ್ಲ. ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿಯ ಲೆಕ್ಕದಲ್ಲಿ, ವೃತ್ತಿಪರರು ಬಳಸುವ ಪೆಟ್ರೋಲ್ ಮೋವರ್ ಒಂದು ಗಂಟೆ ಓಡಿದರೆ ಹೊಸ ಕಾರೊಂದು ಸುಮಾರು 300 ಮೈಲಿ ಓಡಿದಷ್ಟು ಹೊಂಜು ಹುಟ್ಟಿಸುವ ಮಾಲಿನ್ಯವನ್ನು ಉಗುಳುತ್ತದೆ. ಬೆಂಗಳೂರಿನಿಂದ ಹೊರಟರೆ ಹೆಚ್ಚುಕಡಿಮೆ ಬೆಳಗಾವಿ ಮುಟ್ಟುವಷ್ಟು ದೂರ ಅದು. ಎಲೆ ಊದುವ ಬ್ಲೋವರ್‌ನ ಲೆಕ್ಕ ಇನ್ನೂ ಭಾರಿ: ಗಂಟೆಗೆ ಸುಮಾರು 1,100 ಮೈಲಿ.

ಇದೇ ಕಾರಣಕ್ಕೆ ರಾಜ್ಯ 2021ರ ಅಕ್ಟೋಬರಿನಲ್ಲಿ ಕಾನೂನು ತಂದಿತು. 2024ರ ಮಾದರಿಯಿಂದ ಆಚೆಗೆ ಇಲ್ಲಿ ಮಾರಾಟಕ್ಕೆ ತಯಾರಾಗುವ ಮೋವರ್, ಬ್ಲೋವರ್‌ಗಳ ಬಹುಪಾಲು ಎಂಜಿನ್‌ಗಳು ಹೊಗೆ ಬಿಡುವಂತಿಲ್ಲ. ಮನೆಯಲ್ಲಿರುವ ಹಳೆಯ ಯಂತ್ರವನ್ನು ಬಳಸಬಾರದೆಂದು ಈ ಕಾನೂನು ಹೇಳುವುದಿಲ್ಲ. ಪೇಟೆಯಂತೂ ಅಷ್ಟರಲ್ಲೇ ಬದಲಾಗತೊಡಗಿತ್ತು. ಹೋಂಡಾ ಕಂಪನಿ 2023ರಲ್ಲಿ ಅಮೆರಿಕದ ತನ್ನ ಮೋವರ್ ತಯಾರಿಕೆಯನ್ನೇ ನಿಲ್ಲಿಸಿತು.

ನಾನು ಮೊದಲು ಕೊಂಡದ್ದು ರೀಲ್ ಮೋವರ್. ಎಂಜಿನ್ ಇಲ್ಲ, ತಂತಿ ಇಲ್ಲ, ಬ್ಯಾಟರಿ ಇಲ್ಲ. ತಳ್ಳಿದರೆ ಚಕ್ರದ ಜೊತೆ ಐದು ಸುರುಳಿ ಅಲಗುಗಳ ಉರುಳೆ ತಿರುಗುತ್ತದೆ, ಕೆಳಗಿನ ಸ್ಥಿರ ಅಲಗಿಗೆ ಸವರಿಕೊಂಡು ಕತ್ತರಿಯಂತೆ ಹುಲ್ಲನ್ನು ತುಂಡರಿಸುತ್ತದೆ. ಮೊದಲ ಮೋವರ್ ಹುಟ್ಟಿದ್ದೂ ಇದೇ ರೂಪದಲ್ಲಿ. ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನ ಸ್ಟ್ರೌಡ್ ಕಣಿವೆ ಉಣ್ಣೆ ಗಿರಣಿಗಳ ನಾಡು. ನೇಯ್ದ ಬಟ್ಟೆಯ ಮೇಲೆದ್ದ ಎಳೆಗಳನ್ನು ನುಣ್ಣಗೆ ಸವರುವ ಯಂತ್ರವನ್ನು ಅಲ್ಲಿ ಕಂಡ ಎಡ್ವಿನ್ ಬಡ್ಡಿಂಗ್, ಬಟ್ಟೆ ಸವರುವುದು ಹುಲ್ಲನ್ನೇಕೆ ಸವರಬಾರದು ಎಂದು ಯೋಚಿಸಿದ. 1830ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು.

ಸುಮಾರು ಇನ್ನೂರು ವರ್ಷ ಬಾಳಿದ ಯಂತ್ರ ನನ್ನ ಹಿತ್ತಿಲಿನಲ್ಲಿ ಹತ್ತು ನಿಮಿಷಕ್ಕೆ ಸೋತಿತು. ನಾಲ್ಕೈದು ಇಂಚು ಬೆಳೆದಿದ್ದ ಹುಲ್ಲು ಉರುಳೆಗೆ ಸಿಕ್ಕದೆ ಮಲಗಿ, ಹಿಂದೆಯೇ ಎದ್ದು ನಿಲ್ಲುತ್ತಿತ್ತು. ಓಕ್ ಮರದ ಕೆಳಗೆ ಇನ್ನೊಂದು ಫಜೀತಿ. ಕಡಲೆಕಾಯಿ ಗಾತ್ರದ ಓಕ್ ಕಾಯಿ ಎರಡು ಅಲಗುಗಳ ನಡುವೆ ಸಿಕ್ಕಿದರೆ ಚಕ್ರ ಅಲ್ಲೇ ಗಕ್ಕನೆ ನಿಂತು, ಹಿಡಿಕೆ ಹೊಟ್ಟೆಗೆ ಬಡಿಯುತ್ತಿತ್ತು. ನಾನು ಕೊಂಡ ಮಾದರಿಯಲ್ಲಿ ಎರಡು ಇಂಚಿಗಿಂತ ಎತ್ತರಕ್ಕೆ ಕತ್ತರಿಸುವ ಸೌಕರ್ಯವೇ ಇರಲಿಲ್ಲ. ಅದನ್ನು ಗೋಡೆಗೆ ಒರಗಿಸಿ ಮರೆತೆ.

ಪಕ್ಕದ ಮನೆಯ ನಿವೃತ್ತ ಶಿಕ್ಷಕರು ತಮ್ಮ ತಂತಿ ಹಾಕುವ ವಿದ್ಯುತ್ ಮೋವರನ್ನು ಎರಡು ವಾರ ಬಳಸಲು ಕೊಟ್ಟರು. ಹಗುರ, ಅಗ್ಗ, ಶಕ್ತಿ ಮುಗಿಯುವ ಚಿಂತೆ ಇಲ್ಲ. ಆದರೆ ನಮ್ಮ ಹಿತ್ತಿಲಿನಲ್ಲಿ ಮರಗಳು ಹೆಚ್ಚು. ಪ್ರತಿ ಸುತ್ತಿಗೂ ತಂತಿ ಒಂದಲ್ಲ ಒಂದು ಬುಡಕ್ಕೆ ಸುತ್ತಿಕೊಳ್ಳುತ್ತಿತ್ತು. ದೀಪಾವಳಿಯ ಸರದೀಪಕ್ಕೆ ಬಳಸುವ ತೆಳು ತಂತಿಯನ್ನು ನೂರು ಅಡಿ ಎಳೆದದ್ದು ನನ್ನ ತಪ್ಪು. ಹನ್ನೆರಡು ಆಂಪಿಯರ್ ಎಳೆಯುವ ಮೋಟಾರಿಗೆ ಅದು ಸಾಲದು. ಮುಟ್ಟಿ ನೋಡಿದರೆ ತಂತಿ ಬೆಚ್ಚಗಾಗಿತ್ತು. ನೂರು ಅಡಿಗೆ 14 ಗೇಜ್, ಸಾಧ್ಯವಾದರೆ 12 ಗೇಜಿನ ದಪ್ಪ ತಂತಿಯೇ ಬೇಕು. ಗೇಜಿನ ಸಂಖ್ಯೆ ಕಡಿಮೆಯಾದಷ್ಟೂ ತಂತಿ ದಪ್ಪ ಎಂಬುದು ನೆನಪಿರಲಿ. ಪ್ಲಗ್ ಇರುವ ಗೋಡೆಯ ಬಳಿ ಶುರುಮಾಡಿ ದೂರಕ್ಕೆ ಸಾಗುತ್ತಾ ಹೋದರೆ ತಂತಿ ಸದಾ ಬೆನ್ನ ಹಿಂದೆ ಉಳಿಯುತ್ತದೆ. ಮರಗಳಿಲ್ಲದ ಸಣ್ಣ ಅಂಗಳಕ್ಕೆ ಇದಕ್ಕಿಂತ ಕಡಿಮೆ ಖರ್ಚಿನ ವಿದ್ಯುತ್ ಯಂತ್ರ ಇನ್ನೊಂದಿಲ್ಲ. ನಮ್ಮದು ಅಂಥ ಅಂಗಳವಲ್ಲ.

ಮೇ ತಿಂಗಳ ಮೊದಲ ವಾರ ಬ್ಯಾಟರಿ ಮೋವರ್ ಬಂತು.

ಅಂಗಡಿಯಲ್ಲಿ ಎಲ್ಲರೂ ಮಾತಾಡುವುದು ವೋಲ್ಟ್ ಬಗ್ಗೆ. 40, 56, 60, 80. ನಾನೂ ಅದನ್ನೇ ನೋಡಿ ಕೊಂಡೆ. ನೋಡಬೇಕಾದದ್ದು ವ್ಯಾಟ್-ಅವರ್, ಅಂದರೆ ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದಾಗ ಬರುವ ಸಂಖ್ಯೆ. ಡಬ್ಬದ ಮೇಲೆ 40 ವೋಲ್ಟ್ ಎಂದಿರುವ ಬ್ಯಾಟರಿ ಕೆಲಸ ಮಾಡುವುದು ಸಾಮಾನ್ಯವಾಗಿ 36ರಲ್ಲಿ. ನನ್ನದು 4 ಆಂಪಿಯರ್-ಅವರ್‌ನದು. ಅಲ್ಲಿಗೆ 144 ವ್ಯಾಟ್-ಅವರ್. ನಮ್ಮ ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಹೇಳುವುದಾದರೆ ಒಂದು ಯೂನಿಟ್ಟಿನ ಏಳನೇ ಒಂದು ಭಾಗ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು ಒಂಬತ್ತು ಯೂನಿಟ್‌ನಷ್ಟು ಶಕ್ತಿ ಇರುತ್ತದೆ. ಅದರ ಬಹುಪಾಲು ಬಿಸಿಯಾಗಿ ಹೋದರೂ ಎಂಜಿನ್ನಿಗೆ ಉಳಿಯುವುದು ಬ್ಯಾಟರಿಗಿಂತ ಎಷ್ಟೋ ಪಟ್ಟು ಹೆಚ್ಚು.

ಮೊದಲ ಮೂರು ವಾರ ಒಂದೇ ಚಾರ್ಜಿಗೆ ಹಿತ್ತಿಲು ಮುಗಿಯುತ್ತಿತ್ತು. ಆಮೇಲೆ ಮುಕ್ಕಾಲಿಗೇ ಬ್ಯಾಟರಿ ಕೈಕೊಡತೊಡಗಿತು. ಬಿಸಿಯಾದ ಬ್ಯಾಟರಿಯನ್ನು ಚಾರ್ಜರಿಗೆ ಹಾಕಿದರೆ, ತಣ್ಣಗಾಗುವ ತನಕ ಅದು ಚಾರ್ಜನ್ನೇ ತೆಗೆದುಕೊಳ್ಳುತ್ತಿರಲಿಲ್ಲ. ಫಾಲ್ಸಮ್‌ನ ಬೇಸಿಗೆಯಲ್ಲಿ ಗ್ಯಾರೇಜ್ ಒಲೆಯಂತಿರುತ್ತದೆ. ಚಾರ್ಜರನ್ನು ಮನೆಯೊಳಗೆ ತಂದದ್ದರಿಂದ ಸ್ವಲ್ಪ ಅನುಕೂಲವಾಯಿತು. ಆದರೂ ಹಿತ್ತಿಲು ಒಂದೇ ಸಲಕ್ಕೆ ಮುಗಿಯಲಿಲ್ಲ. ದೊಡ್ಡ ಬ್ಯಾಟರಿ ಕೊಳ್ಳೋಣವೆಂದರೆ ಮೋವರಿನ ಅರ್ಧ ಬೆಲೆ.

ಆ ಹೊತ್ತಿಗೆ ಚನ್ನರಾಯಪಟ್ಟಣದಿಂದ ಅಪ್ಪ-ಅಮ್ಮ ಬಂದರು. ಅಪ್ಪ ಐವತ್ತು ವರ್ಷ ಹಸು ಸಾಕಿದವರು, ಕುಡುಗೋಲಿನಲ್ಲಿ ಹುಲ್ಲು ಕೊಯ್ದವರು. ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿತ್ತಿಲಿಗೆ ಹೋದವರು ಕುಕ್ಕರಗಾಲಲ್ಲಿ ಕೂತು ಒಂದು ಎಸಳು ಕಿತ್ತು ತಿರುಗಿಸಿ ನೋಡಿದರು. ಅದರ ತುದಿ ಸಿಗಿದ ದಾರದಂತೆ ಎಳೆಎಳೆಯಾಗಿ ಬಿಳಿಚಿಕೊಂಡಿತ್ತು.

“ಇದನ್ನ ಕೊಯ್ದಿಲ್ಲ ಕಣಮ್ಮ, ಹರಿದಿದ್ದೀಯ” ಎಂದರು.

ಮೋವರಿನ ಬ್ಯಾಟರಿ ಮತ್ತು ಕೀಲಿ ಎರಡನ್ನೂ ತೆಗೆದಿಟ್ಟು, ಮಗುಚಿ, ಅಲಗು ಕಳಚಿದೆವು. ಸ್ಪ್ರಿಂಕ್ಲರ್ ತಲೆಗೆ ತಾಗಿದ ಕಡೆ ಅಂಚು ಹಲ್ಲುಹಲ್ಲಾಗಿತ್ತು. ಉಳಿದ ಕಡೆ ಬೆರಳಿಟ್ಟರೂ ಹರಿತ ತಿಳಿಯುತ್ತಿರಲಿಲ್ಲ. ಅಪ್ಪ ಅದನ್ನು ಕ್ಲಾಂಪಿನಲ್ಲಿ ಬಿಗಿಸಿ, ಅರದಿಂದ ಒಂದೇ ದಿಕ್ಕಿಗೆ, ಮೊದಲಿದ್ದ ಓರೆಯಲ್ಲೇ ಉಜ್ಜಿದರು. ಒಂದು ಬದಿಗೆ ಎಷ್ಟು ಸಲವೋ ಇನ್ನೊಂದು ಬದಿಗೂ ಅಷ್ಟೇ ಸಲ ಎಣಿಸಿ ಉಜ್ಜಿದರು. ಆಮೇಲೆ ಅಲಗಿನ ನಡುವಿನ ತೂತನ್ನು ಗೋಡೆಯ ಮೊಳೆಗೆ ತೂಗುಹಾಕಿ, ಒಂದು ಕಡೆ ವಾಲುತ್ತದೆಯೇ ಎಂದು ನೋಡಿದರು. ವಾಲಿದರೆ ಆ ಬದಿ ಭಾರ ಎಂದರ್ಥ. ಹಾಗೇ ಬಿಟ್ಟರೆ ಯಂತ್ರ ನಡುಗುತ್ತದೆ. ಅರ್ಧ ಗಂಟೆಯ ಕೆಲಸ. ಕತ್ತರಿಸುವ ಎತ್ತರವನ್ನೂ ಎರಡೂವರೆ ಇಂಚಿನಿಂದ ಮೂರೂವರೆಗೆ ಏರಿಸಿದೆವು. ಆ ಶನಿವಾರ ಹಿತ್ತಿಲು ಪೂರ್ತಿ ಮುಗಿದಾಗ ಬ್ಯಾಟರಿಯಲ್ಲಿ ಇನ್ನೂ ಒಂದು ಗೆರೆ ಚಾರ್ಜ್ ಉಳಿದಿತ್ತು.

ಈ ನಾಲ್ಕು ತಿಂಗಳಲ್ಲಿ ನಾನು ಕಲಿತ ಮುಖ್ಯ ಪಾಠ ಇದು. ಹಳೆಯ ಎಂಜಿನ್ 160 ಸಿಸಿ, ನಮ್ಮ ಕಡೆ ಒಂದು ಬೈಕಿಗೆ ಇರುವಷ್ಟು. ಅಷ್ಟು ಬಲ ಇದ್ದಾಗ ಅಲಗು ಮೊಂಡಾದರೂ ತಿಳಿಯುವುದಿಲ್ಲ, ಹುಲ್ಲು ಹರಿದು ಬೀಳುತ್ತದೆ. ಹರಿದ ತುದಿ ಒಣಗಿ ಕಂದಾಗುತ್ತದೆ, ರೋಗಕ್ಕೆ ದಾರಿಯಾಗುತ್ತದೆ. ನಾವು ನೀರು ಸಾಲದೆಂದು ಇನ್ನಷ್ಟು ನೀರು ಬಿಡುತ್ತೇವೆ. ಬ್ಯಾಟರಿಗಾಗಲಿ ತೋಳಿಗಾಗಲಿ ಹಾಗೆ ಪೋಲು ಮಾಡುವಷ್ಟು ಬಲ ಇಲ್ಲ. ಪೆಟ್ರೋಲ್ ಬಿಟ್ಟವರು ಮೊದಲು ಹರಿತದ ಕಡೆ ಗಮನ ಕೊಡಬೇಕು.

ಎರಡನೆಯ ಪಾಠ ಮನೆ ಮುಂದಿನ ಅಂಗಳದಲ್ಲಿ ಸಿಕ್ಕಿತು. ಇಡೀ ಮನೆಗೆ ಒಂದೇ ಹುಲ್ಲು ಎಂದು ನಾನು ತಿಳಿದಿದ್ದೆ. ಅಪ್ಪ ಬಿಸಿಲು ಬೀಳುವ ಆ ಅಂಗಳದಲ್ಲಿ ನಿಂತು “ಇದು ಗರಿಕೆ ಅಲ್ವೇನಮ್ಮ? ಗಣೇಶನ ಹಬ್ಬಕ್ಕೆ ಎಲ್ಲಿ ಹುಡುಕ್ತಿದ್ದೆ ಇಷ್ಟು ದಿನ?” ಎಂದು ಕೇಳಿದರು. ನಿಜ. ಅಮೆರಿಕದವರು ಬರ್ಮುಡಾ ಗ್ರಾಸ್ ಎನ್ನುವುದು ನಮ್ಮ ಗರಿಕೆಯನ್ನೇ. ನೆಲಕ್ಕಂಟಿ ಹಬ್ಬುವ, ಬಿಸಿಲನ್ನು ಮೆಚ್ಚುವ, ಒಂದೂವರೆ ಇಂಚಿಗೆ ಸವರಿದರೂ ದಟ್ಟವಾಗುವ ಹುಲ್ಲು ಅದು. ಹಿತ್ತಿಲಿನದು ಟಾಲ್ ಫೆಸ್ಕ್ಯೂ. ಅದು ಬುಡದಿಂದ ಗುಂಪಾಗಿ ಏಳುತ್ತದೆ. ಮೂರರಿಂದ ನಾಲ್ಕು ಇಂಚು ಉಳಿಸಿದರೆ ಮಾತ್ರ ಬೇಸಿಗೆ ತಡೆಯುತ್ತದೆ. ಎರಡಕ್ಕೂ ಒಂದೇ ಯಂತ್ರ, ಒಂದೇ ಎತ್ತರ ಇಟ್ಟರೆ ಯಾವುದಾದರೂ ಒಂದು ಕೆಡಲೇಬೇಕು.

ಗೋಡೆಗೆ ಒರಗಿದ್ದ ರೀಲ್ ಮೋವರ್ ಮತ್ತೆ ಹೊರಬಂತು. ಅದಕ್ಕೆ ಸಾಣೆ ಹಿಡಿಯುವ ಬಗೆ ಬೇರೆ. ಒಂದು ಚಕ್ರ ಕಳಚಿ, ಒಳಗಿನ ಹಲ್ಲುಗಾಲಿ ತೆಗೆದು, ಉರುಳೆಯ ಅಂಚಿಗೆ ಎಂಜಿನ್ ವಾಲ್ವ್ ಉಜ್ಜುವ ಒರಟು ಪೇಸ್ಟ್ ಬಳಿದು ಸ್ಪ್ಯಾನರಿನಿಂದ ಹಿಮ್ಮುಖವಾಗಿ ತಿರುಗಿಸಬೇಕು. ಸರಸರ ಸದ್ದು ಒಂದೇ ಸಮನಾದಾಗ ಪೇಸ್ಟ್ ಒರೆಸಿ, ತಿರುಪು ಹೊಂದಿಸಿ, ವೃತ್ತಪತ್ರಿಕೆಯ ಪಟ್ಟಿಯನ್ನು ಎರಡು ಅಲಗುಗಳ ನಡುವೆ ಇಟ್ಟು ನೋಡಬೇಕು. ಅಡ್ಡಗಲಕ್ಕೂ ಕಾಗದ ಚಕ್ಕನೆ ತುಂಡಾದರೆ ಸರಿ. ಹರಿತವಾದ ಆ ಯಂತ್ರ ಗರಿಕೆಯ ಮೇಲೆ ಕ್ಷೌರದ ಕತ್ತರಿಯ ಸದ್ದು ಮಾಡುತ್ತಾ ಸಾಗಿತು. ಎಪ್ಪತ್ತೆರಡರ ಅಪ್ಪ ಆಯಾಸವಿಲ್ಲದೆ ತಳ್ಳಿದರು. ಬೆಳಿಗ್ಗೆ ಆರೂವರೆಗೆ ತಳ್ಳಿದರೂ ಪಕ್ಕದ ಮನೆಯವರಿಗೆ ಎಚ್ಚರವಾಗಲಿಲ್ಲ.

ಮೂರನೆಯದು ಓಕ್ ಮರದ ಬುಡ. ಅಲ್ಲಿ ಹುಲ್ಲು ಬೇಕೇ ಎಂಬ ಪ್ರಶ್ನೆಯನ್ನೇ ನಾನು ಕೇಳಿಕೊಂಡಿರಲಿಲ್ಲ. ಕ್ಯಾಲಿಫೋರ್ನಿಯಾದ ಓಕ್‌ಗಳು ಬೇಸಿಗೆಯಲ್ಲಿ ಮಳೆಯಿಲ್ಲದೆ ಬದುಕಲು ಹುಟ್ಟಿದವು. ಹುಲ್ಲಿಗೆಂದು ಬೇಸಿಗೆಯಲ್ಲಿ ಬಿಡುವ ನೀರು ಅವುಗಳ ಬೇರು ಕೊಳೆಯಲು ಕಾರಣವಾಗುತ್ತದೆ. ಅಲ್ಲಿನ ಸುಮಾರು 400 ಚದರ ಅಡಿಗೆ ಸ್ಪ್ರಿಂಕ್ಲರ್ ನಿಲ್ಲಿಸಿ, ಹುಲ್ಲಿನ ಮೇಲೆ ರಟ್ಟಿನ ಡಬ್ಬಗಳನ್ನು ಬಿಡಿಸಿ ಹಾಸಿ, ಮರದ ಚೂರಿನ ಹೊದಿಕೆ ಹಾಕಿದೆವು. ಮರದ ಕಾಂಡಕ್ಕೆ ಹೊದಿಕೆ ತಾಗದಂತೆ ಜಾಗ ಬಿಟ್ಟೆವು. ಅಲ್ಲಿಗೆ ಓಕ್ ಕಾಯಿಯ ಕಾಟವೂ ತಪ್ಪಿತು, ಸವರಬೇಕಾದ ನೆಲವೂ ಕಡಿಮೆಯಾಯಿತು.

ಅಮೆರಿಕದಲ್ಲಿ ಹುಲ್ಲುಹಾಸಿನ ವಿಸ್ತಾರ ಎಷ್ಟೆಂದು ಉಪಗ್ರಹ ಚಿತ್ರಗಳಿಂದ ಅಂದಾಜು ಮಾಡಿದ ಸಂಶೋಧಕಿ ಕ್ರಿಸ್ಟಿನಾ ಮಿಲೇಸಿ ಮತ್ತು ಸಂಗಡಿಗರು 2005ರಲ್ಲಿ ಕೊಟ್ಟ ಸಂಖ್ಯೆ ಸುಮಾರು 1,64,000 ಚದರ ಕಿಲೋಮೀಟರ್. ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್. ನಮ್ಮ ರಾಜ್ಯದ ಬಹುಪಾಲಿನಷ್ಟು ನೆಲವನ್ನು ವಾರವಾರ ಸವರುವ ದೇಶದಲ್ಲಿ 400 ಚದರ ಅಡಿ ಲೆಕ್ಕಕ್ಕೆ ಬರುವುದಿಲ್ಲ ಎನಿಸಬಹುದು. ಆದರೆ ನಮ್ಮ ಬೀದಿಯಲ್ಲಿ ಅದೇ ವರ್ಷ ಇನ್ನೂ ಎರಡು ಮನೆಯವರು ಓಕ್ ಬುಡದ ಹುಲ್ಲು ತೆಗೆಸಿದರು. ತಂತಿಯ ಮೋವರ್ ಕೊಟ್ಟ ಶಿಕ್ಷಕರು ಅವರಲ್ಲೊಬ್ಬರು.

ಬ್ಯಾಟರಿ ಕಲಿಸಿದ ಪಾಠ ಫಾಲ್ಸಮ್‌ಗೆ ಮಾತ್ರ ಸೇರಿದ್ದಲ್ಲ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಪೆಟ್ರೋಲಿನ ಕಳೆ ಕೊಚ್ಚುವ ಯಂತ್ರವನ್ನು ಹೆಗಲಿಗೆ ಹಾಕಿ ದುಡಿಯುವವರು ಹೊಗೆಯನ್ನೂ ಕಿವಿಗಡಚಿಕ್ಕುವ ಸದ್ದನ್ನೂ ದಿನವಿಡೀ ಸಹಿಸುತ್ತಾರೆ. ಬ್ಯಾಟರಿಯ ಯಂತ್ರಗಳು ಅಲ್ಲಿಗೂ ಬರುತ್ತಿವೆ. ಕೊಳ್ಳುವವರು ವೋಲ್ಟಿಗೆ ಮಾರುಹೋಗದೆ ವ್ಯಾಟ್-ಅವರ್ ಕೇಳಲಿ, ಎಷ್ಟು ಗುಂಟೆಗೆ ಒಂದು ಚಾರ್ಜ್ ಬರುತ್ತದೆಂದು ತಮ್ಮ ತೋಟದಲ್ಲೇ ಓಡಿಸಿ ತೋರಿಸಿ ಎನ್ನಲಿ.

ಬದಲಿ ಹುಡುಕುತ್ತಿರುವ ಕನ್ನಡಿಗ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೇ. ಅಂಗಡಿಗೆ ಹೋಗುವ ಮುನ್ನ ಅಂಗಳವನ್ನು ಅಳೆಯಿರಿ, ಹುಲ್ಲು ಯಾವುದೆಂದು ತಿಳಿಯಿರಿ, ಎಲ್ಲೆಲ್ಲಿ ಅದು ಬೇಡವೆಂದು ಗುರುತು ಮಾಡಿ. ಹಳೆಯ ಪೆಟ್ರೋಲ್ ಯಂತ್ರವನ್ನು ಬೇರೆಯವರಿಗೆ ದಾಟಿಸಬೇಡಿ, ಹೊಗೆ ಇನ್ನೊಂದು ಅಂಗಳಕ್ಕೆ ಹೋಗುತ್ತದಷ್ಟೆ. ಹಳೆಯದನ್ನು ಗುಜರಿಗೆ ಒಪ್ಪಿಸಿದವರಿಗೆ ಹೊಸ ವಿದ್ಯುತ್ ಯಂತ್ರದ ಮೇಲೆ ರಿಯಾಯಿತಿ ಕೊಡುವ ಯೋಜನೆಗಳನ್ನು ಕ್ಯಾಲಿಫೋರ್ನಿಯಾದ ಕೆಲವು ವಾಯುಗುಣಮಟ್ಟ ಮಂಡಳಿಗಳು ನಡೆಸಿವೆ. ಕೊಳ್ಳುವುದಕ್ಕೆ ಮೊದಲೇ ನಿಮ್ಮ ಮಂಡಳಿಯನ್ನು ಕೇಳಿ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲನ್ನು ಚರಂಡಿಗೆ ಸುರಿಯದೆ, ಊರಿನ ಅಪಾಯಕಾರಿ ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಟ್ಟುಬನ್ನಿ.