ಒಂದು ಅಡಿಗೆ ಒಂದು ಇಂಚು: ಬೊಂಬೆಗಳೊಡನೆ ಅನುಪಾತದ ಪಾಠ

ವಿಜಯದಶಮಿಯ ರಾತ್ರಿ ಮಡಿಕೇರಿಯ ದಶಮಂಟಪಗಳನ್ನು ನೋಡಿದ ಮಕ್ಕಳಿಗೆ ಡಯೋರಾಮಾ ಎಂದರೇನೆಂದು ಹೆಚ್ಚು ವಿವರಿಸಬೇಕಾಗಿಲ್ಲ. ಹತ್ತು ದೇವಾಲಯಗಳ ಮಂಟಪಗಳಲ್ಲಿ ಮೂರ್ತಿಗಳು ಕದಲುತ್ತಾ ಪುರಾಣದ ಕಥೆ ಹೇಳುತ್ತವೆ. ಅಂಥ ದೃಶ್ಯವನ್ನು ಮೇಜಿನ ಮೇಲೆ ಕಟ್ಟಿ ಫೋಟೊ ತೆಗೆಯುವುದು, ಅದಕ್ಕಾಗಿ ಬೊಂಬೆಗಳನ್ನು ಕೂಡಿಡುವುದು ನನ್ನ ಹಳೆಯ ಹವ್ಯಾಸ. ಬಿ.ಇಡಿ. ಮುಗಿದ ಮೇಲೆ ನಿಂತುಹೋಗಿದ್ದ ಅದಕ್ಕೆ ಕಳೆದ ವರ್ಷ ಮರಳಿದೆ. ಟ್ರಂಕಿನಿಂದ ಹೊರಬಂದ ಬೊಂಬೆಗಳನ್ನು 6ನೇ ತರಗತಿಯಲ್ಲಿ ಅನುಪಾತ ಕಲಿಸಲು ಬಳಸಿದ ಎರಡು ಅವಧಿಗಳ ವಿವರ ಇಲ್ಲಿದೆ.

ಚನ್ನಪಟ್ಟಣದ ಮರದ ಬೊಂಬೆಗಳು, ಕೊಡವ ಉಡುಗೆಯ ಒಂದು ಜೋಡಿ, ಒಂದು ಬಾರ್ಬಿ ಇಷ್ಟನ್ನು ಮೇಜಿನ ಮೇಲಿಟ್ಟು, ‘ಇವರೆಲ್ಲ ಒಂದೇ ಮನೆಯಲ್ಲಿ ಇರಬಹುದೇ?’ ಎಂದು ಕೇಳಿದೆ. ಒಂದು ಅಡಿಗೆ ಒಂದು ಇಂಚು, ಅಂದರೆ 1:12 ಎಂದು ಗೊತ್ತುಮಾಡಿಕೊಂಡೆವು. ಹನ್ನೊಂದೂವರೆ ಇಂಚಿನ ಬಾರ್ಬಿ ಹನ್ನೊಂದೂವರೆ ಅಡಿಯ ರಾಕ್ಷಸಿಯಾದಳು! 5 ಅಡಿಯ ಕಾಫಿ ಗಿಡ 5 ಇಂಚಾಯಿತು. 60 ಅಡಿಯ ಸಿಲ್ವರ್ ಓಕ್ ಮಾತ್ರ 60 ಇಂಚು, ಮೇಜಿಗೆ ಹಿಡಿಸದು. ಕಾಂಡವನ್ನಷ್ಟೇ ನಿಲ್ಲಿಸಿ, ತುದಿಯನ್ನು ಚಿತ್ರದ ಚೌಕಟ್ಟಿನ ಹೊರಗೆ ಬಿಡೋಣವೆಂದು ಮಕ್ಕಳೇ ಹೇಳಿದರು.

ಫೋಟೊಗೆ ಕ್ಯಾಮೆರಾ ಬೊಂಬೆಯ ಕಣ್ಣಿನ ಮಟ್ಟದಲ್ಲಿರಬೇಕು. ಫೋನನ್ನು ತಲೆಕೆಳಗಾಗಿ ಹಿಡಿದರೆ ಲೆನ್ಸ್ ಮೇಜಿಗೆ ಹತ್ತಿರವಾಗುತ್ತದೆ. ಕಿಟಕಿಯ ಬೆಳಕು ಒಂದು ಕಡೆ, ಬಿಳಿ ಥರ್ಮೋಕೋಲ್ ಇನ್ನೊಂದು ಕಡೆ ಇದ್ದರೆ ಸಾಕು. ಕೊಡವ ಸೀರೆಯ ನೆರಿಗೆ ಹಿಂಬದಿಯಲ್ಲಿರುವುದರಿಂದ ಎದುರಿನ ಚಿತ್ರದಲ್ಲಿ ಅದು ಕಾಣಲಿಲ್ಲ. ಯಾವ ಕಡೆಯಿಂದ ನೋಡುತ್ತೇವೆ ಎಂಬ ಚರ್ಚೆ ಅಲ್ಲಿಂದ ಎದ್ದಿತು.

ನಾನು ಐನ್‌ಮನೆಯ ದೃಶ್ಯಕ್ಕೆ ಸಿದ್ಧಳಾಗಿ ಹೋಗಿದ್ದೆ: ನೆಲ್ಲಕ್ಕಿಯ ದೀಪ, ಅಂಗಳ, ಕೈಮಡ. ‘ಟೀಚರ್, ನಮ್ಮದು ಲೈನ್ ಮನೆ. ಅದನ್ನ ಮಾಡ್ಬಹುದಾ?’ ಎಂದಳು ಹಿಂದಿನ ಬೆಂಚಿನ ಒಬ್ಬಳು. ತೋಟದ ಕೆಲಸಗಾರರ ಮಗಳು ಅವಳು; ಅಲ್ಲಿಯವರೆಗೆ ತರಗತಿಯಲ್ಲಿ ಬಾಯಿಬಿಟ್ಟದ್ದನ್ನು ನಾನು ಕಂಡಿರಲಿಲ್ಲ. ಮರುದಿನ ಅಳತೆ ತಂದಳು: ಕೋಣೆ ಉದ್ದ 10 ಅಡಿ, ಅಗಲ 9 ಅಡಿ. ರಟ್ಟಿನ ಪೆಟ್ಟಿಗೆ 10 ಇಂಚು, 9 ಇಂಚು. ಒಲೆ, ಪಾತ್ರೆ, ಟ್ರಂಕು ಇಟ್ಟ ಮೇಲೆ ಐದು ಬೊಂಬೆಗಳನ್ನು ಮಲಗಿಸಬೇಕಿತ್ತು. ಒಂದರ ಕಾಲು ಬಾಗಿಲಿನಾಚೆ ಉಳಿಯಿತು. ಯಾರೂ ನಗಲಿಲ್ಲ. ಫೋಟೊಗಾಗಿ ಒಂದು ಗೋಡೆ ತೆಗೆಯೋಣ ಎಂದೆ. ‘ಬೇಡ ಟೀಚರ್, ಬಾಗಿಲಿಂದ ತೆಗೀರಿ, ಹಾಗೇ ಕಾಣೋದು’ ಎಂದಳು. ಹಾಗೆಯೇ ತೆಗೆದೆವು. ಚಿತ್ರದ ಮುಕ್ಕಾಲು ಭಾಗ ಕತ್ತಲು. ನಾನು ತೆಗೆದವುಗಳಲ್ಲಿ ಅದೇ ನನಗೆ ಹೆಚ್ಚು ಮೆಚ್ಚಿಗೆ.

ಈ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು: ಮನೆಯನ್ನೇ ಅಳೆದು ತರಬೇಕೆಂದು ಯಾರನ್ನೂ ಒತ್ತಾಯಿಸಬೇಡಿ. ಬಸ್ ತಂಗುದಾಣ, ಅಂಗಡಿ, ಕೊಟ್ಟಿಗೆ ಯಾವುದಾದರೂ ಆಗಬಹುದು. ಅವಳು ತಾನಾಗಿ ಕೇಳಿದ್ದಳು, ಅದು ಬೇರೆ.

ಅವಧಿ ಮುಗಿಯುವಾಗ ಒಬ್ಬ ಕೇಳಿದ: ‘90 ಚದರ ಅಡಿ ಇದ್ದದ್ದು 90 ಚದರ ಇಂಚಾಯಿತು. ಹಾಗಾದರೆ ಜಾಗವೂ 12 ಪಟ್ಟು ಕಡಿಮೆಯಾ?’ ಉತ್ತರ ಹೇಳದೆ, ಒಂದು ಚದರ ಅಡಿಯ ಹಾಳೆಯಲ್ಲಿ ಇಂಚಿನ ಚೌಕಗಳನ್ನು ಎಳೆದು ಎಣಿಸಿ ಬರಲು ಹೇಳಿದೆ. 144 ಎಂದು ಎಣಿಸಿಕೊಂಡು ಬಂದವರೊಡನೆ ಮುಂದಿನ ಪಾಠ ಶುರುವಾಯಿತು.